ಪಿಕಪ್ಪಿನ ಹೊಟ್ಟೆಗೆ ಯಾವ ಎಣ್ಣೆ?

ಕೋಲಾರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಟೊಮೆಟೊ ರೇಟು ಏರಿದರೆ ಊರಿಗೆಲ್ಲ ಸುದ್ದಿ. ಆ ಟೊಮೆಟೊ ಹೊತ್ತು ತರುವ ಪಿಕಪ್ ಗಾಡಿಯ ಎಂಜಿನ್ ಬೋರಿಗೆ ಬಂದರೆ ಅದು ಮಾಲೀಕನ ಮನೆಯ ಸುದ್ದಿ ಮಾತ್ರ. ಸಾಲದ ಕಂತು ಮುಗಿದಿಲ್ಲ, ಗಾಡಿ ಗ್ಯಾರೇಜಿನಲ್ಲಿ ಮಲಗಿದೆ, ಬಾಡಿಗೆ ಇನ್ನೊಬ್ಬನ ಪಾಲು. ಮೂಲ ಹುಡುಕಿದರೆ ಎಷ್ಟೋ ಸಲ ಸಿಗುವುದು ಸಣ್ಣ ಕಾರಣ: ಹಾಕಬಾರದ ಆಯಿಲ್ ಹಾಕಿದ್ದು, ಇಲ್ಲವೇ ಬದಲಿಸಬೇಕಾದಾಗ ಬದಲಿಸದೇ ಇದ್ದದ್ದು.

"ಯಾವ ಆಯಿಲ್ ಹಾಕ್ಲಿ ಅಣ್ಣ?" ಅಂದರೆ ಅಂಗಡಿಯಲ್ಲಿ ಸಿಗುವ ಉತ್ತರ ಗೊತ್ತೇ ಇದೆ. "ಡೀಸಲ್ ಗಾಡಿ ತಾನೇ? ಇದೇ ಹಾಕ್ಬುಡಿ, ಎಲ್ರೂ ಇದೇ ತಗೊಂಡೋಗೋದು." ಎಲ್ಲರೂ ಒಯ್ಯುವ ಆಯಿಲ್ ಎಲ್ಲರ ಗಾಡಿಗೂ ಒಗ್ಗಬೇಕಲ್ಲ!

ಡಬ್ಬದ ಮೇಲಿನ ಜಾತಕ

ಡಬ್ಬದ ಮೇಲಿರುವ ಚಿತ್ರ ಬಿಡಿ, ಎರಡು ಗುರುತು ನೋಡಿ. ಮೊದಲನೆಯದು 15ಡಬ್ಲ್ಯೂ-40 ಎಂಬಂಥ ಅಂಕಿ. ಡಬ್ಲ್ಯೂ ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಿದ್ದಷ್ಟೂ ತಣ್ಣಗಿರುವಾಗ ಆಯಿಲ್ ಬೇಗ ಹರಿಯುತ್ತದೆ. ಕೊನೆಯ ಅಂಕಿ ಎಂಜಿನ್ ಕಾದ ಮೇಲೆ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಲೆಕ್ಕ.

ಎರಡನೆಯದು ಎ.ಪಿ.ಐ. ಎಂಬುದರ ಮುಂದಿರುವ ಅಕ್ಷರ. 'ಎಸ್' ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, 'ಸಿ' ಇದ್ದರೆ ಡೀಸಲ್ಲಿಗೆ. ಸಿ.ಐ.-4 ಹಳೆಯದು, ಸಿ.ಕೆ.-4 ಬಂದದ್ದು 2016ರ ಕೊನೆಯಲ್ಲಿ. ಸಿ.ಐ.-4 ಕೇಳುವ ಗಾಡಿಗೆ, ಮಂದದ ಅಂಕಿ ಹೊಂದಿದರೆ, ಸಿ.ಕೆ.-4 ಹಾಕಬಹುದು. ಸಿ.ಕೆ.-4 ಕೇಳುವ ಗಾಡಿಗೆ ಸಿ.ಐ.-4 ಹಾಕಿದರೆ ಕೆಟ್ಟಿತು.

ದಪ್ಪ ಇದ್ದರೆ ಗಟ್ಟಿಯೇ?

"ಲೋಡ್ ಗಾಡಿ, ದಪ್ಪ ಆಯಿಲ್ ಇರ್ಲಿ" ಎಂಬುದು ಹಳೇ ಮೇಸ್ತ್ರಿಗಳ ಮಾತು. ಹಳೇ ಎಂಜಿನ್ನಿಗೆ ಅದು ನಡೆಯುತ್ತಿತ್ತು. ಈಗಿನ ಪಿಕಪ್ಪಿಗೆ ಟರ್ಬೊ ಇದೆ, ಅದರ ದಂಡ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಬೆಳಗಿನ ಜಾವ ಮೂರಕ್ಕೆ ಗಾಡಿ ಎಬ್ಬಿಸಿ ಯಾರ್ಡಿಗೆ ಓಡಿಸುವಾಗ ದಪ್ಪ ಆಯಿಲ್ ಮೇಲಕ್ಕೆ ಏರುವಷ್ಟರಲ್ಲಿ ಸವೆತ ಶುರುವಾಗಿರುತ್ತದೆ. ಕೆಲವು ಹೊಸ ಎಂಜಿನ್ನುಗಳಿಗೆ 5ಡಬ್ಲ್ಯೂ-30ರಂಥ ತೆಳು ಆಯಿಲ್ಲೇ ಬೇಕು. ದಪ್ಪವೋ ತೆಳುವೋ, ತೀರ್ಮಾನ ಮೇಸ್ತ್ರಿಯದಲ್ಲ, ಗಾಡಿಯ ಜೊತೆ ಕೊಟ್ಟ ಪುಸ್ತಕದ್ದು. ಆ ಪುಸ್ತಕ ಮಾತ್ರ ಡ್ಯಾಷ್‌ಬೋರ್ಡಿನ ಡ್ರಾಯರಿನಲ್ಲಿ ಊದುಬತ್ತಿ ಪ್ಯಾಕೆಟ್ಟಿನ ಕೆಳಗೆ ನಿದ್ದೆ ಮಾಡುತ್ತಿರುತ್ತದೆ.

ಬಿ.ಎಸ್.-6 ತಂದ ಫಜೀತಿ

2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿ.ಎಸ್.-6 ಬಂತು. ಡೀಸಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿದ್ದದ್ದು 10ಕ್ಕೆ ಇಳಿಯಿತು. ಹಲವು ಗಾಡಿಗಳ ಸೈಲೆನ್ಸರ್ ಸಾಲಿಗೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿ.ಪಿ.ಎಫ್., ಸೇರಿತು. ಅಲ್ಲಿ ಸಿಕ್ಕಿದ ಮಸಿಯನ್ನು ಗಾಡಿಯೇ ಸುಟ್ಟುಕೊಳ್ಳುತ್ತದೆ. ಆದರೆ ಆಯಿಲ್ಲಿನಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಸಿ.ಕೆ.-4 ಆಯಿಲ್ಲಿನಲ್ಲಿ ಬೂದಿ ನೂರಕ್ಕೆ 1 ಪಾಲು ಮೀರಬಾರದೆಂಬ ಕಟ್ಟು. ನಾಲ್ಕು ಕಾಸು ಉಳಿಯಿತೆಂದು ಹಳೇ ನಮೂನೆ ಆಯಿಲ್ ಸುರಿದರೆ ಫಿಲ್ಟರ್ ಬೇಗ ಕಟ್ಟುತ್ತದೆ. ಅದರ ಬೆಲೆ ಕೇಳಿದವನಿಗೆ ಆಯಿಲ್ ಅಗ್ಗ ಅನ್ನಿಸುತ್ತದೆ.

ಊರೊಳಗೇ ಅಂಗಡಿಯಿಂದ ಅಂಗಡಿಗೆ ಓಡುವ ಗಾಡಿಗಳು ಇನ್ನೊಂದು ನೋಡಿಕೊಳ್ಳಬೇಕು. ಮಸಿ ಸುಡುವ ಕೆಲಸ ಅರ್ಧಕ್ಕೆ ನಿಂತರೆ ಡೀಸಲ್ ಇಳಿದು ಆಯಿಲ್ಲಿಗೆ ಸೇರಬಹುದು. ಕಡ್ಡಿ ಎಳೆದು ನೋಡಿದಾಗ ಆಯಿಲ್ ಮಟ್ಟ ಏರಿದ್ದರೆ ಖುಷಿ ಪಡಬೇಡಿ, ಮೂಸಿ ನೋಡಿ. ಡೀಸಲ್ ವಾಸನೆ ಬಂದರೆ ಸರ್ವೀಸಿಗೆ ಬಿಡಿ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಎಂಜಿನ್ ಆಫ್ ಮಾಡಿ.

ಕಪ್ಪಾದರೆ ಕೆಟ್ಟಿತೇ?

ಹೊಸ ಆಯಿಲ್ ಹಾಕಿ ವಾರದೊಳಗೇ ಕಪ್ಪಾಯಿತೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವವರಿದ್ದಾರೆ. ಡೀಸಲ್ ಎಂಜಿನ್ನಿನಲ್ಲಿ ಆಯಿಲ್ ಕಪ್ಪಾಗುವುದು ಸಹಜ. ಮಸಿಯನ್ನು ತನ್ನೊಳಗೆ ತೇಲಿಸಿ ಹಿಡಿದುಕೊಳ್ಳುವುದೇ ಅದರ ಕೆಲಸ. ಬಣ್ಣ ನೋಡಿ ಬದಲಿಸಬೇಡಿ, ಕಿಲೋಮೀಟರ್ ಮತ್ತು ತಿಂಗಳು ನೋಡಿ ಬದಲಿಸಿ, ಫಿಲ್ಟರಿನ ಸಮೇತ. ಓವರ್‌ಲೋಡು, ಧೂಳು, ಗಂಟೆಗಟ್ಟಲೆ ನಿಂತಲ್ಲೇ ಎಂಜಿನ್ ಓಡಿಸುವುದು ಇದ್ದರೆ ಪುಸ್ತಕದ ಅವಧಿಗಿಂತ ಮೊದಲೇ ಬದಲಿಸಬೇಕು.

ಕಡೆಗೆ ನಕಲಿ ಮಾಲಿನ ಮಾತು. ಖಾಲಿ ಡಬ್ಬಗಳು ಗುಜರಿಯ ದಾರಿ ಹಿಡಿದು ಕೊಳಕು ಎಣ್ಣೆ ತುಂಬಿಕೊಂಡು ಮತ್ತೆ ಅಂಗಡಿ ಏರಬಹುದು. ಸೀಲ್ ನೋಡಿ, ಬ್ಯಾಚ್ ನಂಬರ್ ನೋಡಿ, ಬಿಲ್ ಕೇಳಿ. ವಾರಂಟಿಯ ಗಾಡಿಯಾದರೆ ಆ ಬಿಲ್ಲೇ ಸಾಕ್ಷಿ. ತೆಗೆದ ಹಳೇ ಎಣ್ಣೆಯನ್ನು ಚರಂಡಿಗೆ ಸುರಿಸದೆ ಗ್ಯಾರೇಜಿನ ಡ್ರಮ್ಮಿಗೇ ಹಾಕಿಸಿ. ಖಾಲಿ ಡಬ್ಬವನ್ನು ಮಾತ್ರ ಕಣ್ಣೆದುರೇ ಕುಯ್ದು ಹಾಕಿಸಿ. ಕುಯ್ದ ಡಬ್ಬಕ್ಕೆ ಯಾರೂ ಎಣ್ಣೆ ತುಂಬಲಾರರು.