ಫ್ರೆಂಚ್ ಕ್ರಿಯಾಪದವೂ ನಮ್ಮ ಗರ್ದಾನೂ



ಮೈಸೂರಿನಲ್ಲಿ ನಮ್ಮ ನೆರೆಮನೆಯ ಹುಡುಗಿ ಪಿಯುಸಿಯಲ್ಲಿ ಭಾಷಾ ವಿಷಯವಾಗಿ ಫ್ರೆಂಚ್ ತೆಗೆದುಕೊಂಡಳು. ಎರಡು ಕಿರುಪರೀಕ್ಷೆಗಳಲ್ಲಿ ಅಂಕ ಬಾರದೆ ಓದೇ ಬೇಡವೆಂದು ಕುಳಿತಳು. "ಆಪಾ, ನನಗೆ ಆ ಭಾಷೆಯ ಗಂಧವೇ ಇಲ್ಲ, ಹೇಗೆ ಹೇಳಿಕೊಡಲಿ?" ಎಂದು ಅವಳ ತಾಯಿ ಕಣ್ಣೀರು ಹಾಕಿದರು. ನಾನೂ ಫ್ರೆಂಚ್ ಬಲ್ಲವಳಲ್ಲ. ಆದರೆ ಪುಸ್ತಕ ತೆರೆದಾಗ ಕಂಡದ್ದು ಹಳೆಯ ಪರಿಚಯವೇ: ಮದ್ರಸಾದಲ್ಲಿ ನಾವು ತೂಗಾಡುತ್ತಾ ಬಾಯಿಪಾಠ ಮಾಡಿದ 'ಫಅಲ, ಫಅಲಾ, ಫಅಲೂ' ಎಂಬ ಗರ್ದಾನ್! ಅರಬಿಯಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ರೂಪ. ಫ್ರೆಂಚಿನಲ್ಲಿ ಆರೇ ಆರು.

'ಪಾರ್ಲೇ' ಎಂದರೆ ಮಾತನಾಡು. ಅದರ ವರ್ತಮಾನಕಾಲ ಹೀಗಿದೆ: ಝ ಪಾರ್ಲ್ (ನಾನು), ತ್ಯು ಪಾರ್ಲ್ (ನೀನು), ಇಲ್ ಪಾರ್ಲ್ (ಅವನು), ನೂ ಪಾರ್ಲೋಂ (ನಾವು), ವೂ ಪಾರ್ಲೇ (ನೀವು), ಇಲ್ ಪಾರ್ಲ್ (ಅವರು). 'ಅವಳು' ಎನ್ನಲು 'ಎಲ್' ಎಂದರಾಯಿತು, ಕ್ರಿಯಾಪದ ಬದಲಾಗದು. ನಮ್ಮ 'ಮಾತಾಡುತ್ತಾನೆ, ಮಾತಾಡುತ್ತಾಳೆ' ಎಂಬ ಭೇದ ಅಲ್ಲಿಲ್ಲ. ಅತ್ತೆ ಒಬ್ಬರೇ ಇದ್ದರೂ ನಾವು 'ನೀವು' ಎನ್ನುವುದಿಲ್ಲವೇ? ಅವರ 'ವೂ' ಕೂಡ ಹಾಗೆಯೇ.

ಮಕ್ಕಳು ಎಡವುವುದು ಇಲ್ಲಿ: ಆರರಲ್ಲಿ ನಾಲ್ಕು ರೂಪಗಳು ಕಿವಿಗೆ ಒಂದೇ, ಬರಹದಲ್ಲಿ ಮಾತ್ರ ಕೊನೆಯ ಅಕ್ಷರಗಳು ಬೇರೆ. 'ನೀನು' ಎಂಬಲ್ಲಿ ಎಸ್ ಸೇರುತ್ತದೆ, 'ಅವರು' ಎಂಬಲ್ಲಿ ಇಎನ್‌ಟಿ. ಎರಡನ್ನೂ ಉಚ್ಚರಿಸುವುದಿಲ್ಲ! ಕನ್ನಡದಲ್ಲಿ 'ಬರುತ್ತೇನೆ' ಎಂದರೆ 'ನಾನು' ಬೇಕಿಲ್ಲ, ಬಾಲವೇ ಹೇಳುತ್ತದೆ. ಫ್ರೆಂಚಿನಲ್ಲಿ ಬಾಲ ಮೌನವಾದುದರಿಂದ ಝ, ತ್ಯು ಬಿಡುವಂತಿಲ್ಲ. ಆದ್ದರಿಂದ ಬಾಯಿಪಾಠವೊಂದೇ ಸಾಲದು, ಪ್ರತಿ ಸಾಲನ್ನೂ ಬರೆಸಿರಿ.

ಹತ್ತರಲ್ಲಿ ಸುಮಾರು ಒಂಬತ್ತು ಕ್ರಿಯಾಪದಗಳು ಈ 'ಪಾರ್ಲೇ'ಯ ಅಚ್ಚಿನವೇ. ಉಳಿದವು ನಿಧಾನವಾಗಿ ಬರಲಿ. ಆದರೆ 'ಎತ್ರ್' (ಇರು), 'ಅವ್ವಾರ್' (ಹೊಂದಿರು) ಇವೆರಡು ಹಟಮಾರಿಗಳನ್ನು ಮೊದಲ ವಾರವೇ ಪಳಗಿಸಬೇಕು, ಯಾಕೆಂದರೆ ಭೂತಕಾಲಕ್ಕೆ ಇವುಗಳ ಆಸರೆ ಬೇಕು. 'ಝೇ ಪಾರ್ಲೇ' (ನಾನು ಮಾತನಾಡಿದೆ) ಎಂಬಲ್ಲಿ ಅವ್ವಾರ್ ಇದೆ, 'ಝ ಸ್ವಿ ಆಲೇ' (ನಾನು ಹೋದೆ) ಎಂಬಲ್ಲಿ ಎತ್ರ್. ಈ ಎರಡನೆಯದನ್ನು ಹುಡುಗಿ ಬರೆದರೆ ಕೊನೆಯಲ್ಲಿ ಇನ್ನೊಂದು 'ಇ' ಸೇರಿಸಬೇಕು. ಕೇಳಿಸದ ಆ ಒಂದಕ್ಷರಕ್ಕೆ ನಮ್ಮ ಹುಡುಗಿ ಅಂಕ ಕಳೆದುಕೊಂಡಿದ್ದಳು.

ಫ್ರೆಂಚ್ ನಮ್ಮ ಊರಿಗೆ ಹೊಸತೇನಲ್ಲ. ಪಕ್ಕದ ಪಾಂಡವಪುರಕ್ಕೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ಬಂದದ್ದು ಅಲ್ಲಿ ಬೀಡುಬಿಟ್ಟ ಫ್ರೆಂಚ್ ಸೈನಿಕರಿಂದ. 1788ರಲ್ಲಿ ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ದೊರೆ ಹದಿನಾರನೇ ಲೂಯಿಯನ್ನು ಭೇಟಿಯಾಗಿದ್ದರು.

ಈಗ ಆ ತಾಯಿ ರೊಟ್ಟಿ ಲಟ್ಟಿಸುತ್ತಾ "ನೂ?" ಎನ್ನುತ್ತಾರೆ. ಮಗಳು "ಪಾರ್ಲೋಂ" ಎಂದು ಹೇಳಿ, ಚೆಲ್ಲಿದ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಾಳೆ.