ಸೂಕ್ಷ್ಮದರ್ಶಕವು ಎಲ್ಲರ ಕೈಗೆಟುಕಲಿ

ಬರಿಗಣ್ಣಿನ ಶಕ್ತಿಗೆ ಒಂದು ಮಿತಿಯುಂಟು. ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸಮೀಪದಲ್ಲಿರುವ ಎರಡು ಬಿಂದುಗಳನ್ನು ಅದು ಬೇರೆ ಬೇರೆಯಾಗಿ ಗುರುತಿಸಲಾರದು. ಕೆರೆಯ ನೀರಿನ ಹನಿಯೊಂದು ತಿಳಿಯಾಗಿ ಕಾಣುವುದು ಕಣ್ಣಿನ ಈ ಮಿತಿಯಿಂದಲೇ ಹೊರತು ಅದರಲ್ಲಿ ಜೀವಿಗಳಿಲ್ಲದ್ದರಿಂದಲ್ಲ. ಈ ಮಿತಿಯನ್ನು ದಾಟಿಸುವ ಸಾಧನವೇ ಸೂಕ್ಷ್ಮದರ್ಶಕ. ಅದು ಬೆಲೆಬಾಳುವ ಯಂತ್ರ, ಪರಿಣತರು ಮಾತ್ರ ಮುಟ್ಟತಕ್ಕದ್ದು, ಶಾಲೆಯಲ್ಲಿದ್ದರೂ ಗಾಜಿನ ಕಪಾಟಿನೊಳಗೆ ಭದ್ರವಾಗಿರಬೇಕಾದದ್ದು ಎಂಬ ಭಾವನೆ ಬಹುಜನರಲ್ಲಿ ಬೇರೂರಿದೆ. ಈ ಸಾಧನದ ಚರಿತ್ರೆಯನ್ನು ಅವಲೋಕಿಸಿದರೆ ಬೇರೆಯೇ ಸಂಗತಿ ತಿಳಿದುಬರುತ್ತದೆ.

ಹಾಲೆಂಡಿನ ಡೆಲ್ಫ್ಟ್ ನಗರದ ಆಂಟನಿ ವಾನ್ ಲ್ಯೂವೆನ್‌ಹುಕ್ (1632–1723) ಬಟ್ಟೆಯ ವ್ಯಾಪಾರಿ. ವಿಶ್ವವಿದ್ಯಾಲಯದ ಶಿಕ್ಷಣವಾಗಲಿ, ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿನ ಪರಿಚಯವಾಗಲಿ ಆತನಿಗಿರಲಿಲ್ಲ. ಎರಡು ಪುಟ್ಟ ಲೋಹದ ತಗಡುಗಳ ನಡುವೆ ಸಣ್ಣದೊಂದು ಮಸೂರವನ್ನು ಕೂಡಿಸಿದ ಅಂಗೈಯಗಲದ ಉಪಕರಣವೇ ಆತನ ಸೂಕ್ಷ್ಮದರ್ಶಕ. ಇಂದಿಗೂ ಉಳಿದುಬಂದಿರುವ ಅವುಗಳಲ್ಲೊಂದು ವಸ್ತುವನ್ನು ಸುಮಾರು 266 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಹಲವು ಮಸೂರಗಳನ್ನು ಜೋಡಿಸಿದ ಅಂದಿನ ದೊಡ್ಡ ಯಂತ್ರಗಳಲ್ಲಿ ಬಿಂಬವು ಮಸುಕಾಗಿ, ಅಂಚಿನಲ್ಲಿ ಬಣ್ಣಗಳು ಮೂಡುತ್ತಿದ್ದವು. ವರ್ತಕನ ಒಂಟಿ ಮಸೂರ ಅವನ್ನು ಮೀರಿಸಿತು. 1674ರಲ್ಲಿ ಊರಿನ ಸಮೀಪದ ಸರೋವರದ ನೀರಿನಲ್ಲಿ ಆತ ಅತಿಸೂಕ್ಷ್ಮ ಜೀವಿಗಳನ್ನು ಕಂಡು, ತನ್ನ ಆಡುಮಾತಾದ ಡಚ್ ಭಾಷೆಯಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಗಳನ್ನು ಬರೆದನು. 1680ರಲ್ಲಿ ಆ ಸಂಸ್ಥೆ ಆತನನ್ನು ತನ್ನ ಸದಸ್ಯನನ್ನಾಗಿ ಆರಿಸಿತು.

ಇಷ್ಟು ಚಿಕ್ಕ ಮಸೂರ ಇಷ್ಟೊಂದು ಹಿಗ್ಗಿಸುವುದು ಹೇಗೆ? ಮಸೂರದ ಮೈ ಹೆಚ್ಚು ಬಾಗಿದಷ್ಟೂ ಬೆಳಕಿನ ಕಿರಣಗಳು ಹೆಚ್ಚು ಹತ್ತಿರದಲ್ಲಿ ಸೇರುತ್ತವೆ, ಎಂದರೆ ಅದರ ಸಂಗಮದೂರ ಕಡಿಮೆಯಾಗುತ್ತದೆ. ಕಣ್ಣು ಆಯಾಸವಿಲ್ಲದೆ ಸ್ಪಷ್ಟವಾಗಿ ಕಾಣಬಲ್ಲ ಕನಿಷ್ಠ ದೂರವನ್ನು 250 ಮಿಲಿಮೀಟರ್ ಎಂದು ಎಣಿಸುವುದು ವಾಡಿಕೆ. ಅದನ್ನು ಮಸೂರದ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 2.4 ಮಿಲಿಮೀಟರ್ ವ್ಯಾಸದ ಗಾಜಿನ ಗುಂಡಿನ ಸಂಗಮದೂರ ಸುಮಾರು 1.8 ಮಿಲಿಮೀಟರ್, ಆದುದರಿಂದ ಅದು ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಗುಂಡು ಕಿರಿದಾದಷ್ಟೂ ವರ್ಧನೆ ಹಿರಿದು.

ಲ್ಯೂವೆನ್‌ಹುಕ್ ತನ್ನ ಅತ್ಯುತ್ತಮ ಮಸೂರಗಳನ್ನು ತಯಾರಿಸುವ ಮತ್ತು ಬಳಸುವ ವಿಧಾನವನ್ನು ಮಾತ್ರ ಗುಟ್ಟಾಗಿಟ್ಟನು. ಇಂಗ್ಲೆಂಡಿನ ರಾಬರ್ಟ್ ಹುಕ್ ಹಿಡಿದ ದಾರಿ ಬೇರೆ. 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ ಎಂಬ ತನ್ನ ಗ್ರಂಥದಲ್ಲಿ ಆತ ಚಿಗಟವೇ ಮೊದಲಾದವುಗಳ ದೊಡ್ಡ ಚಿತ್ರಗಳನ್ನು ಕೊಟ್ಟುದಲ್ಲದೆ, ಗಾಜಿನ ಎಳೆಯ ತುದಿಯನ್ನು ಉರಿಯಲ್ಲಿ ಕರಗಿಸಿ ಗುಂಡುಮಸೂರವನ್ನು ಮಾಡುವ ಬಗೆಯನ್ನೂ ಎಲ್ಲರಿಗಾಗಿ ಮುನ್ನುಡಿಯಲ್ಲಿ ವಿವರಿಸಿದನು. ಡೆಲ್ಫ್ಟಿನ ವರ್ತಕ ಕಂಡ ಜೀವಿಗಳನ್ನು 1677ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಿಗೆ ಪ್ರತ್ಯಕ್ಷವಾಗಿ ತೋರಿಸಿ, ಆ ಮಾತು ಸತ್ಯವೆಂದು ಸ್ಥಾಪಿಸಿದವನೂ ಹುಕ್‌ನೇ. ಒಬ್ಬನು ಕಂಡದ್ದನ್ನು ಮತ್ತೊಬ್ಬನೂ ಕಾಣುವಂತಾದಾಗಲೇ ಅದು ವಿಜ್ಞಾನವಾಗುತ್ತದೆ.

ಸಾಧನದ ಸೊಗಸಿಗಿಂತ ನೋಡುವವನ ತಾಳ್ಮೆ ದೊಡ್ಡದೆಂಬುದಕ್ಕೆ ಭಾರತದಲ್ಲಿಯೇ ನಡೆದ ಸಂಗತಿಯೊಂದು ಸಾಕ್ಷಿ. 1895ರಲ್ಲಿ ಕಾಲರಾ ನಿವಾರಣೆಯ ಕಾರ್ಯಕ್ಕಾಗಿ ಬೆಂಗಳೂರಿಗೆ ಬಂದಿದ್ದ ಸೇನಾವೈದ್ಯ ರೊನಾಲ್ಡ್ ರಾಸ್, 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯಾದ ಮೂಲವನ್ನು ಅರಸುತ್ತಿದ್ದರು. ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ ಪ್ರತಿಯೊಂದು ಸೊಳ್ಳೆಗೆ ಒಂದಾಣೆಯಂತೆ ಆತನಿಗೆ ಹಣ ಕೊಟ್ಟು, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಪರೀಕ್ಷಿಸಿದರು. ಬೇಸಿಗೆಯ ದುಡಿಮೆಯಲ್ಲಿ ಅವರ ಬೆವರಿನಿಂದಲೇ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಕಣ್ಣುಮಸೂರವೂ ಬಿರುಕು ಬಿಟ್ಟಿತ್ತು. ಆಗಸ್ಟ್ 20ರಂದು ಆ ಯಂತ್ರದಲ್ಲಿಯೇ, ಅನಾಫಿಲಿಸ್ ಸೊಳ್ಳೆಯ ಜಠರದ ಗೋಡೆಯ ಮೇಲೆ, ಮಲೇರಿಯಾ ಪರಾವಲಂಬಿಯ ಕೋಶಗಳು ಅವರಿಗೆ ಗೋಚರಿಸಿದವು. 1902ರಲ್ಲಿ ರಾಸ್ ನೊಬೆಲ್ ಪಾರಿತೋಷಕವನ್ನು ಪಡೆದರು.

ಲ್ಯೂವೆನ್‌ಹುಕ್‌ನ ಒಂಟಿ ಮಸೂರ ಈ ಶತಮಾನದಲ್ಲಿ ಹೊಸ ರೂಪ ತಾಳಿ ಬಂದಿದೆ. ಮೀರತ್‌ನಲ್ಲಿ ಹುಟ್ಟಿ, ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಮನು ಪ್ರಕಾಶ್ ಹಾಗೂ ಅವರ ಸಂಗಡಿಗರು ಕಾಗದವನ್ನು ಮಡಿಸಿ ಮಾಡುವ ‘ಫೋಲ್ಡ್‌ಸ್ಕೋಪ್’ ಎಂಬ ಸೂಕ್ಷ್ಮದರ್ಶಕವನ್ನು ರಚಿಸಿ, 2014ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅದರ ಬಿಡಿಭಾಗಗಳಿಗೆ ತಗಲುವ ವೆಚ್ಚ ಒಂದು ಡಾಲರಿಗಿಂತ ಕಡಿಮೆ. ಮೇಲೆ ಹೇಳಿದ 140 ಪಟ್ಟಿನ ಗಾಜಿನ ಗುಂಡೇ ಅದರ ಕಣ್ಣು. ಜೇಬಿನಲ್ಲಿಟ್ಟುಕೊಂಡು ಹೊಲಕ್ಕೂ ಕೆರೆಗೂ ಒಯ್ಯಬಹುದಾದ ಈ ಸಾಧನ ಲಕ್ಷಾಂತರ ಮಂದಿಯ ಕೈಸೇರಿದೆ. ರೋಗನಿರ್ಣಯಕ್ಕೆ ಬೇಕಾದ ಹೆಚ್ಚಿನ ವರ್ಧನೆಯ ಪ್ರಯೋಗಾಲಯದ ಯಂತ್ರಗಳ ಸ್ಥಾನವನ್ನು ಇದು ತುಂಬಲಾರದು. ಆದರೆ ನೋಡುವ ಅಭ್ಯಾಸವನ್ನು ಕಲಿಸಲು ಇಷ್ಟು ಸಾಕು.

ಸಾಧನದಂತೆಯೇ ಭಾಷೆಯೂ ಕೈಗೆಟುಕಬೇಕು. ಆರ್ಕಿಡ್ ಸಸ್ಯಗಳ ಭ್ರೂಣವಿಕಾಸವನ್ನು ಸೂಕ್ಷ್ಮದರ್ಶಕದಡಿ ಅಭ್ಯಸಿಸಿ ವಿದ್ವಲ್ಲೋಕದ ಮನ್ನಣೆ ಗಳಿಸಿದ ಡಾ. ಬಿ.ಜಿ.ಎಲ್. ಸ್ವಾಮಿಯವರು (1918–1980) ಸಸ್ಯಲೋಕವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ, ತಮ್ಮ ರೇಖಾಚಿತ್ರಗಳೊಡನೆ ಪರಿಚಯಿಸಿದರು. ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು.

ಶಾಲೆಯಲ್ಲಿ ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ಈರುಳ್ಳಿಯ ತೆಳುಪೊರೆಯನ್ನು ಗಾಜಿನ ಫಲಕದ ಮೇಲೆ ಹರಡಿ ಒಂದು ಹನಿ ಅಯೋಡಿನ್ ದ್ರಾವಣ ಹಾಕಿದರೆ ಇಟ್ಟಿಗೆ ಜೋಡಿಸಿದಂತಿರುವ ಜೀವಕೋಶಗಳೂ ಅವುಗಳ ಕೋಶಕೇಂದ್ರಗಳೂ ಕಾಣುತ್ತವೆ. ಒಣಹುಲ್ಲನ್ನು ಕೆರೆಯ ನೀರಿನಲ್ಲಿ ಕೆಲವು ದಿನ ನೆನೆಯಿಟ್ಟರೆ ಅದರ ಹನಿಯಲ್ಲಿ ಓಡಾಡುವ ಜೀವಿಗಳನ್ನು ನೋಡಬಹುದು. ಕಂಡದ್ದನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಬರೆದು, ದಿನಾಂಕ ನಮೂದಿಸಿ, ಪಕ್ಕದವನಿಗೂ ತೋರಿಸಬೇಕು. ಪಠ್ಯಪುಸ್ತಕದ ಚಿತ್ರವನ್ನು ನಕಲು ಮಾಡುವುದರಿಂದ ಈ ಫಲ ದೊರೆಯದು.

ದಾನಿಗಳು ಶಾಲೆಗೆ ಒಂದು ಉತ್ತಮ ಸೂಕ್ಷ್ಮದರ್ಶಕವನ್ನು ಕೊಡುವುದು ಶ್ಲಾಘ್ಯವೇ ಸರಿ. ಅದರೊಡನೆ ಪ್ರತಿ ಮಗುವಿನ ಕೈಗೂ ಬರುವಂತಹ ಅಗ್ಗದ ಸಾಧನಗಳನ್ನು ಒದಗಿಸಿದರೆ ಆ ದಾನ ಇಮ್ಮಡಿಯಾಗುತ್ತದೆ. ಮಕ್ಕಳು ಮುಟ್ಟಿದರೆ ಕೆಡಬಹುದೆಂಬ ಅಂಜಿಕೆ ಅಧ್ಯಾಪಕರಿಗೆ ಸಹಜ. ಆದರೆ ಬಳಸಿ ಸವೆದ ಯಂತ್ರವೊಂದು ಮಲೇರಿಯಾದ ಗುಟ್ಟನ್ನು ಬಯಲಿಗೆ ತಂದಿತು. ಕಪಾಟಿನಲ್ಲಿ ಹೊಸದಾಗಿಯೇ ಉಳಿದ ಯಂತ್ರ ಯಾರಿಗೂ ಏನನ್ನೂ ತೋರಿಸದು.