ಗರಗಸದ ಧೂಳು: ಲೆಕ್ಕಕ್ಕೆ ಬಾರದ ವೆಚ್ಚ ಮತ್ತು ಅದಕ್ಕೊಂದು ತಗಡಿನ ಪರಿಹಾರ

ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳಲ್ಲಿಯೂ ದಢೇಸುಗೂರಿನಂತಹ ಗ್ರಾಮಗಳಲ್ಲಿಯೂ ಬಾಗಿಲು, ಕಿಟಕಿ, ಮಂಚ ತಯಾರಿಸುವ ಘಟಕಗಳಿಗೆ ಚಕ್ರ ಗರಗಸವೇ ಮುಖ್ಯ ಯಂತ್ರ. ಅದರಿಂದೇಳುವ ಧೂಳನ್ನು ಕಸುಬಿನ ಸಹಜ ಅಂಗವೆಂದು ಭಾವಿಸುವವರೇ ಹೆಚ್ಚು. ಅಂತಹ ಘಟಕವೊಂದರ ಲೆಕ್ಕಪತ್ರ ಪರಿಶೀಲಿಸುವಾಗ ದುರಸ್ತಿ ಖಾತೆಯಲ್ಲಿ ಮೋಟಾರು ರೀವೈಂಡಿಂಗ್ ಹಾಗೂ ಬೇರಿಂಗ್ ಬಿಲ್ಲುಗಳು ಮತ್ತೆ ಮತ್ತೆ ಕಂಡುಬಂದವು. ಆದರೆ ಕೆಮ್ಮಿನಿಂದ ಬಳಲಿ ಕೆಲಸ ಬಿಟ್ಟ ಹಿರಿಯ ಬಡಗಿಯ ನಷ್ಟ ಯಾವ ಖಾತೆಯಲ್ಲಿಯೂ ಇರಲಿಲ್ಲ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನೆಲಕ್ಕೆ ಬೀಳುವ ಹೊಟ್ಟಿಗಿಂತ ಗಾಳಿಯಲ್ಲಿ ತೇಲುವ ನುಣುಪಾದ ಪುಡಿಯೇ ಹೆಚ್ಚು ಅಪಾಯಕಾರಿ.

ಹೊದಿಕೆಯ ರಚನೆ

ಪರಿಹಾರದ ತತ್ವ ಸರಳ: ಧೂಳನ್ನು ಹುಟ್ಟಿದ ಸ್ಥಳದಲ್ಲಿಯೇ ಹಿಡಿಯಬೇಕು. ಹೀರುವ ಗಾಳಿಯ ಶಕ್ತಿ ದೂರ ಹೋದಂತೆ ಬೇಗನೆ ಕುಂದುತ್ತದೆ. 100 ಮಿ.ಮೀ. ವ್ಯಾಸದ ಕೊಳವೆಯ ಬಾಯಿಂದ ಅಷ್ಟೇ ದೂರ ಸರಿದರೆ ವೇಗವು ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದ ಮಾತ್ರಕ್ಕೆ ಫಲ ದೊರೆಯದಿರುವುದು ಇದರಿಂದಲೇ.

ಆದುದರಿಂದ ಮೇಜಿನ ಕೆಳಗೆ ಗರಗಸದ ಚಕ್ರವನ್ನು ಸುತ್ತುವರಿಯುವಂತೆ 20 ಗೇಜಿನ ಜಿ.ಐ. ತಗಡಿನ ಪೆಟ್ಟಿಗೆಯೊಂದನ್ನು ಮಾಡಿಸಬೇಕು. ಹೊಟ್ಟು ಜಾರಿ ಇಳಿಯಲು ಅದರ ತಳವು ಕನಿಷ್ಠ 45 ಡಿಗ್ರಿ ಇಳಿಜಾರಾಗಿದ್ದು ಕೊಳವೆಯ ಬಾಯಿಗೆ ಸೇರಬೇಕು. ಮೋಟಾರು ಪೆಟ್ಟಿಗೆಯ ಹೊರಗೇ ಇರಲಿ. ಚಕ್ರ ಬದಲಿಸಲು ಒಂದು ಸಣ್ಣ ಬಾಗಿಲು ಬೇಕು. ಮೇಜಿನ ಮೇಲಿನ ಚಕ್ರ ರಕ್ಷಕಕ್ಕೂ ಕಿರು ಕೊಳವೆ ಜೋಡಿಸಿದರೆ ಮೇಲ್ಮುಖವಾಗಿ ಚಿಮ್ಮುವ ಪುಡಿಯೂ ಸಿಕ್ಕುತ್ತದೆ.

ಕೊಳವೆಯಲ್ಲಿ ಹೊಟ್ಟು ನಿಲ್ಲದಿರಲು ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. 100 ಮಿ.ಮೀ. ಕೊಳವೆಗೆ ಇದು ನಿಮಿಷಕ್ಕೆ 9.4 ಘನಮೀಟರ್ ಗಾಳಿಯಾಗುತ್ತದೆ. ಕಿರು ಕೊಳವೆ ಸೇರಿದರೆ ಅದರ ಪಾಲಿನ ಗಾಳಿಯನ್ನೂ ಕೂಡಿಸಬೇಕು. ಇದಕ್ಕೆ ಬ್ಲೋವರೇ ಬೇಕು. ನಮ್ಮ ಭಾಗದ ಅಕ್ಕಿ ಗಿರಣಿಗಳಲ್ಲಿ ಹೊಟ್ಟು ಬೇರ್ಪಡಿಸುವ ಬ್ಲೋವರ್ ಹಾಗೂ ಸೈಕ್ಲೋನ್‌ಗಳ ತತ್ವವೇ ಇಲ್ಲಿಯೂ ಸಲ್ಲುವುದರಿಂದ ಅವನ್ನು ಜೋಡಿಸುವ ಫಿಟ್ಟರುಗಳ ಅನುಭವ ಉಪಯೋಗಕ್ಕೆ ಬರುತ್ತದೆ.

ಎಚ್ಚರಿಕೆಗಳು

ಮರದ ಧೂಳು ಹೊತ್ತಿಕೊಳ್ಳುವ ವಸ್ತು. ಬೀಡಿ, ಬೆಂಕಿಗಳನ್ನು ಸಮೀಪಕ್ಕೆ ತರಕೂಡದು. ಕಬ್ಬಿಣ ಉಜ್ಜುವ ಗ್ರೈಂಡರನ್ನು ಇದೇ ಕೊಳವೆಗೆ ಜೋಡಿಸಲೇಕೂಡದು, ಕಿಡಿಯೊಂದು ಸಾಕು. ತಗಡಿನ ಕೊಳವೆಗೆ ಅರ್ತಿಂಗ್ ಕಡ್ಡಾಯವಾಗಿರಲಿ. ಸಂಗ್ರಹದ ಡ್ರಮ್ಮನ್ನು ನಿತ್ಯ ಖಾಲಿ ಮಾಡಬೇಕು. ಸೈಕ್ಲೋನ್ ದಾಟಿ ಹೋಗುವ ನುಣುಪು ಪುಡಿಯಿಂದ ನೆರೆಹೊರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು.

ಲೆಕ್ಕದ ದೃಷ್ಟಿಯಿಂದ

ಇದು ಬಂಡವಾಳ ವೆಚ್ಚ. ದುರಸ್ತಿ ಖಾತೆಗೆ ಬರೆಯತಕ್ಕದ್ದಲ್ಲ. ಯಂತ್ರೋಪಕರಣವಾದುದರಿಂದ ಆದಾಯ ತೆರಿಗೆಯಲ್ಲಿ ಸವಕಳಿ ದೊರೆಯುತ್ತದೆ. ಸಾಮಾನ್ಯ ಜಿ.ಎಸ್.ಟಿ. ನೋಂದಣಿಯಲ್ಲಿರುವವರು ತಗಡು, ಬ್ಲೋವರುಗಳ ಮೇಲೆ ಪಾವತಿಸಿದ ತೆರಿಗೆಯ ಹೂಡುವಳಿ ಜಮೆ ಪಡೆಯಬಹುದು. ಕಾಂಪೋಸಿಷನ್ ಯೋಜನೆಯವರಿಗೆ ಈ ಸೌಲಭ್ಯವಿಲ್ಲ. ಆದುದರಿಂದ ಬಿಲ್ಲಿಲ್ಲದೆ ಖರೀದಿಸುವುದು ನಿಜವಾದ ಉಳಿತಾಯವಲ್ಲ. 2 ಅಶ್ವಶಕ್ತಿಯ ಬ್ಲೋವರ್ ದಿನಕ್ಕೆ 8 ಗಂಟೆ ಪೂರ್ಣ ಹೊರೆಯಲ್ಲಿ ನಡೆದರೂ ವಿದ್ಯುತ್ ಬಳಕೆ ಸುಮಾರು 14-15 ಯೂನಿಟ್.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಕೆಲಸದ ಸ್ಥಳವನ್ನು ಧೂಳಿನಿಂದ ಮುಕ್ತವಾಗಿಡುವ ಹೊಣೆಯನ್ನು ಮಾಲೀಕರ ಮೇಲಿರಿಸಿದೆ. ಅದು ಮುಖ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಘಟಕಗಳಿಗೆ ಅನ್ವಯಿಸುತ್ತದೆ. ಆದರೆ ಮೂವರೇ ದುಡಿಯುವ ಅಂಗಡಿಯಲ್ಲಿ ಧೂಳು ಕಡಿಮೆ ಹಾನಿಕರವಾಗುವುದಿಲ್ಲ. ಅಲ್ಲಿ ಬಹುತೇಕ ಮಾಲೀಕರೇ ಗರಗಸದ ಮುಂದೆ ನಿಂತಿರುತ್ತಾರೆ.

ಹೊದಿಕೆ ಅಳವಡಿಸಿದ ಮೇಲೆ ಕಿಟಕಿಯಿಂದ ಬರುವ ಬಿಸಿಲುಕೋಲನ್ನು ಗರಗಸ ನಡೆಯುವಾಗ ಗಮನಿಸಿರಿ. ಅದರಲ್ಲಿ ಧೂಳು ಇನ್ನೂ ದಟ್ಟವಾಗಿ ತೇಲುತ್ತಿದ್ದರೆ ಜೋಡಣೆಯನ್ನು ಸರಿಪಡಿಸಬೇಕೆಂದು ತಿಳಿಯಬೇಕು. ಈ ಪರೀಕ್ಷೆಗೆ ಖರ್ಚೇನೂ ಇಲ್ಲ.